ಕಪ್ಪು ಟ್ಯೂಬು ಪೆಟ್ಟಿಗೆಯಲ್ಲೇ ಇರಲಿ

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಆಫ್ರಿಕಾ ಮೂಲದ ಚಾರಿತ್ರಿಕ ವ್ಯಕ್ತಿಗಳನ್ನು ಇಂದಿನ ಕಲಾವಿದರು ಹೊಸದಾಗಿ ಬರೆಯುತ್ತಿರುವ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯಿಂದ ಸಾಕಷ್ಟು ಪತ್ರಗಳು ಬಂದಿವೆ. ಹೆಚ್ಚಿನವರು ಕೈಗೆ ಬಣ್ಣ ಹತ್ತುವಂಥ ಪ್ರಶ್ನೆಗಳನ್ನೇ ಕೇಳಿದ್ದಾರೆ. ಆಯ್ದವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಇತಿಹಾಸ ಕೊಠಡಿಗೆ ಆಫ್ರಿಕಾ ಮೂಲದ ನಾಲ್ಕೈದು ಜನರ ಭಾವಚಿತ್ರ ಬರೆಯಬೇಕೆಂದಿದ್ದೇವೆ. ಯಾರಿಂದ ಶುರು ಮಾಡುವುದು? ಹಿಂದೆ ಶಿರಾದ ಅಧಿಕಾರಿಯಾಗಿದ್ದ ಮಲಿಕ್ ರಿಹಾನನ ದರ್ಗಾ ನಮ್ಮೂರಿನಲ್ಲಿರುವುದು ಗೊತ್ತಿರಬಹುದು. ಮೊಬೈಲಿನಲ್ಲಿ ಹುಡುಕಿದರೆ ಅದೇ ಹೆಸರಿಗೆ ಬಿಜಾಪುರದ ಹಳೆಯ ಚಿತ್ರವೊಂದು ಸಿಗುತ್ತದೆ. ಅದನ್ನೇ ಅವರ ಮುಖವೆಂದು ಬರೆಯಬಹುದೇ?
– ಚಿತ್ರಕಲಾ ಶಿಕ್ಷಕಿ, ಶಿರಾ

ಉತ್ತರ: ಬೇಡ. ನಿಮಗೆ ಸಿಕ್ಕಿರುವುದು ಇಖ್ಲಾಸ್ ಖಾನನ ಚಿತ್ರ. ಈತ ಬಿಜಾಪುರದ ಮುಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ದೊಡ್ಡ ಅಧಿಕಾರ ನಡೆಸಿದ ಹಬ್ಶಿ, ಅಂದರೆ ಆಫ್ರಿಕಾ ಮೂಲದವನು. ಇಖ್ಲಾಸ್ ಖಾನ್ ಎಂಬ ಬಿರುದು ಬರುವ ಮೊದಲು ಇವನ ಹೆಸರೂ ಮಲಿಕ್ ರೈಹಾನ್. ಅದಕ್ಕೇ ಮೊಬೈಲು ಗಂಟು ಹಾಕಿದೆ. ಗುಲಾಮರಾಗಿ ಬಂದವರಿಗೆ ರೈಹಾನ್, ಅಂಬರ್, ಯಾಕೂತ್ ಎಂದು ಸುಗಂಧದ, ರತ್ನದ ಹೆಸರಿಡುವುದು ಆಗ ರೂಢಿಯಾಗಿತ್ತು. ಹಾಗಾಗಿ ಒಂದೇ ಹೆಸರಿನವರು ಹಲವರು. ಹೆಸರು ಕೂಡಿದ ಮಾತ್ರಕ್ಕೆ ಮುಖ ಕೂಡುವುದಿಲ್ಲ. ಶಿರಾದ ರಿಹಾನನಿಗೆ ಆ 17ನೇ ಶತಮಾನದ ದರ್ಗಾವನ್ನೇ ಬರೆಯಿರಿ: ಗುಮ್ಮಟ, ಮೂಲೆಯ ಮಿನಾರುಗಳು, ಗಾರೆ ಕೆಲಸ. ಮಕ್ಕಳನ್ನು ಅಲ್ಲಿಗೇ ಕರೆದೊಯ್ದು ಸ್ಕೆಚ್ ಮಾಡಿಸಬಹುದು. ಸುಳ್ಳು ಮುಖಕ್ಕಿಂತ ಅದು ಎಷ್ಟೋ ಮೇಲು.

ಮುಖಗಳಿಗೆ ಬರೋಣ. ಬದುಕಿದ್ದಾಗಲೇ ಬರೆದ ಅಥವಾ ತೆಗೆದ ಚಿತ್ರ ಉಳಿದಿರುವವರಿಂದ ಶುರು ಮಾಡಿ. ನಮ್ಮ ದಖ್ಖನಿನಲ್ಲೇ ಇಬ್ಬರಿದ್ದಾರೆ. ಮಲಿಕ್ ಅಂಬರ್ 1548ರ ಸುಮಾರಿಗೆ ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ, ಕೊನೆಗೆ ಅಹಮದ್‌ನಗರದ ನಿಜಾಮಶಾಹಿಯನ್ನೇ ಆಳಿದವನು. 1610ರಲ್ಲಿ ಅವನು ಕಟ್ಟಿದ ಖಡ್ಕಿ ಮುಂದೆ ಔರಂಗಾಬಾದ್ ಆಯಿತು. 1626ರಲ್ಲಿ ತೀರಿಕೊಂಡ. ಮೊಘಲ್ ಚಿತ್ರಕಾರ ಹಾಶಿಮ್ ಬರೆದ ಅವನ ಚಿತ್ರ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅಬುಲ್ ಹಸನ್ ಬರೆದ ಇನ್ನೊಂದು ಪ್ರಸಿದ್ಧ ಚಿತ್ರದಲ್ಲಿ ಜಹಾಂಗೀರ್ ಭೂಗೋಳದ ಮೇಲೆ ನಿಂತು, ಈಟಿಗೆ ಸಿಕ್ಕಿಸಿದ ಅಂಬರನ ತಲೆಗೆ ಬಾಣ ಬಿಡುತ್ತಾನೆ. ನಡೆಯದ ಸಂಗತಿ ಅದು. ಗೆಲ್ಲಲಾಗದ ಬಾದಶಹ ಬಣ್ಣದಲ್ಲಿ ತೀರಿಸಿಕೊಂಡ ಸಿಟ್ಟು. ಮುಖಕ್ಕೆ ಅದನ್ನು ಆಧಾರ ಮಾಡಿಕೊಳ್ಳಬೇಡಿ. ಎರಡನೆಯವನು ಇಖ್ಲಾಸ್ ಖಾನ್. ಸುಲ್ತಾನನ ಹಿಂದೆ ಅವನು ಆನೆಯ ಮೇಲೆ ಕೂತ ಚಿತ್ರವನ್ನು ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್ ಎಂಬಿಬ್ಬರು 1645ರ ಸುಮಾರಿಗೆ ಬರೆದರು.

ಹೊರಗಿನವರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳನ್ನು ನೋಡಿಕೊಂಡ ಜಮೈಕಾದ ಮೇರಿ ಸೀಕೋಲ್, ಗುಲಾಮಗಿರಿಯ ವಿರುದ್ಧ ಹೋರಾಡಿದ ಅಮೆರಿಕದ ಫ್ರೆಡರಿಕ್ ಡಗ್ಲಸ್, ಸೊಜರ್ನರ್ ಟ್ರೂತ್ ಇದ್ದಾರೆ. ಸೀಕೋಲರ ಚಿತ್ರವನ್ನು ಆಲ್ಬರ್ಟ್ ಚಾಲೆನ್ 1869ರಲ್ಲಿ ಬರೆದ. ಅದು ಬೇರೊಂದು ಚಿತ್ರದ ಚೌಕಟ್ಟಿಗೆ ಹಿಂಬದಿಯ ಹಲಗೆಯಾಗಿ ವರ್ಷಗಟ್ಟಲೆ ಮುಚ್ಚಿಹೋಗಿತ್ತು. ಈಗ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ.

ಒಂದು ಎಚ್ಚರ. ಮೊಘಲ್, ದಖ್ಖನಿ ಚಿತ್ರಗಳಲ್ಲಿ ಮುಖ ಸಾಮಾನ್ಯವಾಗಿ ಪಕ್ಕದಿಂದ ಕಾಣುತ್ತದೆ. ಹಣೆಯ ಇಳಿಜಾರು, ಮೂಗು, ತುಟಿ, ಗದ್ದ ಸಿಗುತ್ತವೆ. ಮುಖದ ಅಗಲ, ಕಣ್ಣುಗಳ ನಡುವಿನ ಅಂತರ ಸಿಗುವುದಿಲ್ಲ. ಮುಕ್ಕಾಲು ಭಾಗ ತಿರುಗಿದ ಮುಖ ಬೇಕೆಂದರೆ ಆ ಅಳತೆಗಳಿಗೆ ಒಬ್ಬ ಮನುಷ್ಯನನ್ನು ಎದುರಿಗೆ ಕೂರಿಸಿಕೊಳ್ಳಲೇಬೇಕು. ಊಹಿಸಿ ಬರೆದರೆ ಎಲ್ಲರ ಮುಖವೂ ಬರೆದವರ ಮುಖದಂತೆಯೇ ಆಗುತ್ತದೆ. ಉಡುಪಿನಲ್ಲಿ ಜಾಮಾ ಎಂಬ ನಿಲುವಂಗಿಯ ಕಟ್ಟು ನೋಡಿಕೊಳ್ಳಿ: ಮುಸ್ಲಿಮರು ಬಲಗಡೆಗೂ ಹಿಂದೂಗಳು ಎಡಗಡೆಗೂ ಕಟ್ಟುತ್ತಿದ್ದರು. ಯಾರೋ ಕನ್ನಡಿಯಂತೆ ತಿರುಗಿಸಿ ಹಾಕಿದ ಚಿತ್ರವನ್ನು ನಕಲು ಮಾಡಿದರೆ ತಪ್ಪುವುದು ಮೊದಲು ಇಲ್ಲೇ.

ಪ್ರಶ್ನೆ: ಡಗ್ಲಸ್ ಮುಖವನ್ನು ತೈಲವರ್ಣದಲ್ಲಿ ಬರೆಯುತ್ತಿದ್ದೇನೆ. ಕಪ್ಪಿಗೆ ಬಿಳಿ ಸೇರಿಸಿ ಮೈಬಣ್ಣ ಮಾಡಿದರೆ ಬೂದಿ ಬಳಿದಂತಾಗುತ್ತದೆ. ಕಂದು ಹಾಕಿದರೆ ಇಟ್ಟಿಗೆಯ ಹಾಗೆ. ಒಣಗಿದ ಮೇಲೆ ಅಲ್ಲಲ್ಲಿ ಮಂಕು ಕಲೆಗಳು. ಎಲ್ಲಿ ಎಡವಿದ್ದೇನೆ?
– ಚಿತ್ರಕಲಾ ವಿದ್ಯಾರ್ಥಿ, ತುಮಕೂರು

ಉತ್ತರ: ಕಪ್ಪು ಟ್ಯೂಬಿನಲ್ಲಿ. ಐವರಿ ಬ್ಲ್ಯಾಕಿಗೆ ಬಿಳಿ ಬೆರೆತರೆ ನೀಲಿ ಛಾಯೆಯ ಬೂದು ಬರುತ್ತದೆ. ಜೀವವಿರುವ ಚರ್ಮದಲ್ಲಿ ಆ ಬಣ್ಣ ಎಲ್ಲೂ ಇರುವುದಿಲ್ಲ. ಈ ಚಿತ್ರ ಮುಗಿಯುವವರೆಗೆ ಕಪ್ಪನ್ನು ಪೆಟ್ಟಿಗೆಯಲ್ಲೇ ಬಿಡಿ. ಪ್ಯಾಲೆಟ್ಟಿನಲ್ಲಿ ಇಷ್ಟಿದ್ದರೆ ಸಾಕು: ಬರ್ಂಟ್ ಅಂಬರ್ (ಗಾಢ ಕಂದು), ಬರ್ಂಟ್ ಸಿಯೆನ್ನಾ (ಕೆಂಪು ಕಂದು), ಅಲ್ಟ್ರಾಮರೀನ್ ಬ್ಲೂ, ಅಲಿಜರಿನ್ ಕ್ರಿಮ್ಸನ್ (ಕಡುಗೆಂಪು), ಯೆಲ್ಲೋ ಓಕರ್ (ಮಣ್ಣಿನ ಹಳದಿ), ಚೂರು ಕ್ಯಾಡ್ಮಿಯಂ ಆರೆಂಜ್, ಟೈಟಾನಿಯಂ ವೈಟ್.

ಗಾಢ ನೆರಳಿಗೆ ಎರಡು ಭಾಗ ಅಂಬರ್, ಒಂದು ಭಾಗ ಅಲ್ಟ್ರಾಮರೀನ್. ಇದು ಹೆಚ್ಚುಕಡಿಮೆ ಕಪ್ಪೇ, ಆದರೆ ಒಳಗೆ ಕಾವಿರುವ ಕಪ್ಪು. ಕತ್ತು, ಕಿವಿಯ ಹಿಂದೆ, ಮೂಗಿನ ಕೆಳಗೆ ಇದಕ್ಕೆ ಕಾಲು ಭಾಗ ಅಲಿಜರಿನ್ ಸೇರಿಸಿ. ನಡುವಿನ ಬಣ್ಣಕ್ಕೆ ಸಿಯೆನ್ನಾ ಎರಡು, ಅಲ್ಟ್ರಾಮರೀನ್ ಒಂದು, ಓಕರ್ ಅರ್ಧ. ಇಟ್ಟಿಗೆಯಂತಾಗುತ್ತಿದ್ದರೆ ನೀಲಿ ಸಾಲದು ಎಂದರ್ಥ. ಹಸಿರಿಗೆ ತಿರುಗಿದರೆ ಓಕರ್ ಹೆಚ್ಚಾಗಿದೆ. ಬೆಳಕಿನ ಭಾಗಕ್ಕೆ ತಕ್ಷಣ ಬಿಳಿಗೆ ಕೈ ಹಾಕಬೇಡಿ. ಮೊದಲು ಓಕರ್, ಆಮೇಲೆ ಕ್ಯಾಡ್ಮಿಯಂ ಆರೆಂಜ್ ಸೇರಿಸಿ ಎಷ್ಟು ಮೇಲೆತ್ತಲು ಆಗುತ್ತದೋ ಅಷ್ಟು ಎತ್ತಿ, ಬಿಳಿಯನ್ನು ಕೊನೆಗೆ ಕುಂಚದ ತುದಿಯಷ್ಟು ಮುಟ್ಟಿಸಿ. ಹಣೆ, ಮೂಗಿನ ತುದಿ, ಕೆನ್ನೆಯ ಮೂಳೆಯ ಮೇಲಿನ ಹೊಳಪಿಗೆ ಮಾತ್ರ ಬಿಳಿಯಲ್ಲಿ ಒಂದಿಷ್ಟು ಅಲ್ಟ್ರಾಮರೀನ್. ಕಿಟಕಿಯ ಆಕಾಶ ಚರ್ಮದ ಮೇಲೆ ಬೀಳುವುದು ಹಾಗೆಯೇ. ಕಪ್ಪು ಮೈಯಲ್ಲಿ ಆಕಾರವನ್ನು ಹೇಳುವುದು ನೆರಳಿಗಿಂತ ಈ ಹೊಳಪು. ಅದರ ಅಂಚು ಎಲ್ಲಿ ಮೆತ್ತಗೆ, ಎಲ್ಲಿ ಕಡಿದಂತೆ ಎಂದು ಐದು ನಿಮಿಷ ಸುಮ್ಮನೆ ನೋಡಿ, ಆಮೇಲೆ ಬರೆಯಿರಿ.

ಬಿಳಿ ಕ್ಯಾನ್ವಾಸಿನ ಮೇಲೆ ನೇರ ಶುರು ಮಾಡಿದ್ದೀರೆಂದು ಕಾಣುತ್ತದೆ. ಸುತ್ತ ಬಿಳಿ ಇದ್ದಾಗ ಎಲ್ಲ ಕಂದೂ ಕಣ್ಣಿಗೆ ಅತಿ ಗಾಢವಾಗಿ ಕಾಣುತ್ತದೆ. ಹೆದರಿದ ಕೈ ಬಿಳಿ ಬೆರೆಸುತ್ತಾ ಹೋಗುತ್ತದೆ. ಜೆಸ್ಸೋ ಎಂಬ ತಳಬಣ್ಣವನ್ನು ಎರಡು ಕೋಟ್ ಹಾಕಿ, ಒಣಗಿದ ಮೇಲೆ 220 ನಂಬರ್ ಉಜ್ಜುಕಾಗದದಿಂದ ಹಗುರಾಗಿ ಉಜ್ಜಿ, ಟರ್ಪೆಂಟೈನಿನಲ್ಲಿ ತೆಳುಮಾಡಿದ ಸಿಯೆನ್ನಾವನ್ನು ಬಟ್ಟೆಯಿಂದ ಒರೆಸಿ ಇಡಿ. ಹಿನ್ನೆಲೆಯನ್ನು ಮುಖದ ಜೊತೆಜೊತೆಗೇ ತುಂಬಿ. ಕೊನೆಗೆ ನೋಡೋಣ ಎಂದು ಬಿಟ್ಟರೆ ಇಡೀ ಮುಖದ ಲೆಕ್ಕ ತಪ್ಪುತ್ತದೆ.

ಮಂಕು ಕಲೆಗೆ ಕಾರಣ ಅಂಬರ್. ಅದು ಎಣ್ಣೆಯನ್ನು ಹೀರುತ್ತದೆ. ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಆ ಜಾಗಕ್ಕೆ ಅಗಸೆ ಎಣ್ಣೆಯನ್ನು ತೀರಾ ತೆಳುವಾಗಿ ಸವರಿ, ಹತ್ತು ನಿಮಿಷ ಬಿಟ್ಟು, ನೂಲು ಬಿಡದ ಬಟ್ಟೆಯಿಂದ ಒರೆಸಿ ತೆಗೆಯಿರಿ. ಬಣ್ಣ ಮತ್ತೆ ಎದ್ದು ಬರುತ್ತದೆ. ಒರೆಸದೆ ಬಿಟ್ಟರೆ ಹಳದಿಗಟ್ಟುತ್ತದೆ. ಇನ್ನೊಂದು: ಅಂಬರ್ ಬೇಗ ಒಣಗುತ್ತದೆ, ಅಲಿಜರಿನ್ ತಡ. ದಪ್ಪ ಅಲಿಜರಿನ್ ಮೇಲೆ ಅಂಬರ್ ಹಾಕಿದರೆ ಬಿರುಕು ಖಂಡಿತ. ಅಂಬರ್ ಕೆಳಗೆ, ಅಲಿಜರಿನ್ ಮೇಲೆ ತೆಳು ಪದರವಾಗಿ ಇರಲಿ.

ಕಣ್ಣಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಕಪ್ಪು ಮುಖದಲ್ಲಿ ಕಣ್ಣ ಬಿಳಿಯನ್ನು, ಹಲ್ಲನ್ನು ಟ್ಯೂಬಿನ ಬಿಳಿಯಿಂದ ತುಂಬುವುದೇ ಇಲ್ಲಿ ಅತಿ ದೊಡ್ಡ ತಪ್ಪು. ಕರಿಯರನ್ನು ಲೇವಡಿ ಮಾಡಲು ಅಮೆರಿಕದ ಪೋಸ್ಟರುಗಳು ಹಿಡಿದಿದ್ದ ದಾರಿ ಅದೇ. ಕಣ್ಣ ಬಿಳಿ ನಿಜಕ್ಕೂ ಬೂದು: ಬಿಳಿಗೆ ಓಕರ್, ಚೂರು ಅಂಬರ್, ಮೇಲಿನ ರೆಪ್ಪೆಯ ಕೆಳಗೆ ಇನ್ನೂ ಗಾಢ. ಹಣೆಯ ಹೊಳಪಿಗಿಂತ ಅದು ಮೇಲೆ ಹೋಗಬಾರದು. ಕೂದಲನ್ನು ಸುರುಳಿ ಸುರುಳಿ ಗೀಚಬೇಡಿ. ಇಡೀ ರಾಶಿಯನ್ನು ಒಂದು ಆಕಾರವಾಗಿ ತುಂಬಿ, ಹಣೆಗೆ ಸೇರುವ ಅಂಚನ್ನು ಒಣ ಕುಂಚದಿಂದ ಮೆತ್ತಗೆ ಮಾಡಿ, ಬೆಳಕು ಬೀಳುವ ಕಡೆ ಮಾತ್ರ ನಾಲ್ಕಾರು ಎಳೆ ಬಿಡಿಸಿದರೆ ಸಾಕು.

ಪ್ರಶ್ನೆ: ಡಗ್ಲಸ್, ಸೊಜರ್ನರ್ ಟ್ರೂತ್ ಅವರ ಕಪ್ಪು-ಬಿಳುಪು ಫೋಟೊಗಳಿಗೆ ಆ್ಯಪ್‌ನಲ್ಲಿ ಬಣ್ಣ ತುಂಬಿಸಿ ಅದನ್ನು ನೋಡಿಕೊಂಡು ಬರೆಯಬಹುದೇ?
– ಓದುಗ, ಮುಳಬಾಗಿಲು

ಉತ್ತರ: ಆ್ಯಪ್ ಕೊಡುವುದು ಊಹೆ. ಅದಕ್ಕಿಂತ ಮೊದಲಿನ ತೊಂದರೆ ಫೋಟೊದಲ್ಲೇ ಇದೆ. 19ನೇ ಶತಮಾನದ ಕೊಲೋಡಿಯನ್ ಗಾಜುಫಲಕಕ್ಕೆ ನೀಲಿ ಬೆಳಕು ಮಾತ್ರ ಕಾಣುತ್ತಿತ್ತು, ಕೆಂಪು ಕಾಣುತ್ತಿರಲಿಲ್ಲ. ಕೆಂಪು ಬೆರೆತ ಕಂದು ಮೈ ಅದರಲ್ಲಿ ಇದ್ದದ್ದಕ್ಕಿಂತ ಗಾಢವಾಗಿ ಮೂಡುತ್ತದೆ. ಕೆಂಪು ಶಾಲು ಕಪ್ಪಾಗುತ್ತದೆ, ನೀಲಿ ಬಟ್ಟೆ ಬಿಳುಚಿಕೊಳ್ಳುತ್ತದೆ. ಆದ್ದರಿಂದ ಫೋಟೊದಿಂದ ರೇಖೆ, ಮೂಳೆ, ನೋಟ ತೆಗೆದುಕೊಳ್ಳಿ. ಬಣ್ಣದ ಗಾಢತೆಯನ್ನು ತೆಗೆದುಕೊಳ್ಳಬೇಡಿ.

ಆ ಕಾಲದ ಫೋಟೊಗಳಲ್ಲಿ ತಾಮ್ರದ ಹಲಗೆಯ ಡಗೆರೋಟೈಪ್, ತಗಡಿನ ಟಿನ್‌ಟೈಪ್ ಎರಡೂ ಕನ್ನಡಿಯಂತೆ ಎಡಬಲ ತಿರುಗಿರುತ್ತವೆ. ಗಂಡಸರ ಒಂದೇ ಸಾಲು ಗುಂಡಿಯ ಕೋಟು ನೋಡಿ: ಸರಿಯಾದ ಚಿತ್ರದಲ್ಲಿ ಎಡಭಾಗದ ಬಟ್ಟೆ ಬಲಭಾಗದ ಮೇಲೆ ಬಂದಿರುತ್ತದೆ. ಉಲ್ಟಾ ಇದ್ದರೆ ಚಿತ್ರವನ್ನು ತಿರುಗಿಸಿ ಬರೆಯಿರಿ. ಡಗ್ಲಸರ ಬೈತಲೆ ಆಗ ಸರಿಯಾದ ಪಕ್ಕಕ್ಕೆ ಬರುತ್ತದೆ.

ಇವರಿಬ್ಬರೂ ಫೋಟೊದ ಶಕ್ತಿ ಅರಿತವರು. 19ನೇ ಶತಮಾನದ ಅಮೆರಿಕದಲ್ಲಿ ಡಗ್ಲಸರಷ್ಟು ಸಲ ಕ್ಯಾಮೆರಾ ಮುಂದೆ ಕೂತವರಿಲ್ಲ. ಸುಮಾರು 160 ಬೇರೆ ಬೇರೆ ಫೋಟೊಗಳು ಗೊತ್ತಿವೆ. ನಗುವ ಗುಲಾಮನ ಚಿತ್ರ ತಮ್ಮದಾಗಬಾರದೆಂದು ಅವರು ಬೇಕೆಂದೇ ಗಂಭೀರವಾಗಿ ಕೂರುತ್ತಿದ್ದರು. ಅವರನ್ನು ನಗಿಸಬೇಡಿ. ಟ್ರೂತ್ ತಮ್ಮ ಫೋಟೊ ಕಾರ್ಡುಗಳನ್ನು ತಾವೇ ಮಾರುತ್ತಿದ್ದರು. ನೆರಳನ್ನು ಮಾರಿ ಅಸಲನ್ನು ಸಾಕುತ್ತೇನೆ ಎಂಬರ್ಥದ ಸಾಲನ್ನು 1864ರಿಂದ ಕೆಳಗೆ ಅಚ್ಚು ಹಾಕಿಸಿದರು. ಕೈಯಲ್ಲಿ ಹೆಣಿಗೆ ಇರುವ ಕಾರ್ಡೂ ಇದೆ. ಆ ನೂಲನ್ನು ಬಿಟ್ಟು ಮುಖ ಮಾತ್ರ ಕತ್ತರಿಸಿಕೊಂಡರೆ ಅರ್ಧ ಮಾತು ಹೋದಂತೆ.

ಪ್ರಶ್ನೆ: ಹಳೆಯ ಚಿತ್ರದ ಭಂಗಿಯಲ್ಲಿ ಮಲಿಕ್ ಅಂಬರನ ಫೋಟೊ ತೆಗೆಯುವ ಆಸೆ. ಕಪ್ಪು ಮೈಬಣ್ಣದ ರೂಪದರ್ಶಿ ಬಿಳಿ ಜಾಮಾ ತೊಟ್ಟಾಗ ಮುಖ ಕತ್ತಲಾಗುತ್ತದೆ, ಮುಖ ಸರಿಮಾಡಿದರೆ ಬಟ್ಟೆ ಸುಟ್ಟುಹೋಗುತ್ತದೆ.
– ಸ್ಟುಡಿಯೋ ಛಾಯಾಗ್ರಾಹಕ, ಕೋಲಾರ

ಉತ್ತರ: ಕ್ಯಾಮೆರಾ ಮೀಟರ್ ಎದುರಿಗೆ ಏನಿದ್ದರೂ ಅದನ್ನು ನಡುಬೂದು ಮಾಡಲು ನೋಡುತ್ತದೆ. ಬಿಳಿ ಬಟ್ಟೆ ಚೌಕಟ್ಟು ತುಂಬಿದ್ದರೆ ಎಲ್ಲವನ್ನೂ ಇಳಿಸುತ್ತದೆ, ಮುಖ ಮುಳುಗುತ್ತದೆ. ಮುಖವೇ ತುಂಬಿದ್ದರೆ ಎತ್ತುತ್ತದೆ, ಮೈಬಣ್ಣ ತೇಲುತ್ತದೆ. ಎರಡಕ್ಕೂ ಮದ್ದು ಒಂದೇ: ಆಟೋ ಬಿಡಿ, ಗ್ರೇ ಕಾರ್ಡನ್ನು ಮುಖದ ಪಕ್ಕ ಹಿಡಿಸಿ ಅಳೆಯಿರಿ, ಮ್ಯಾನುಯಲ್‌ನಲ್ಲಿ ಅದೇ ಇರಲಿ. ಕಾರ್ಡ್ ಇಲ್ಲದಿದ್ದರೆ ಕೆನ್ನೆಯ ಮೇಲೆ ಸ್ಪಾಟ್ ಮೀಟರ್ ಇಟ್ಟು, ಬಂದ ಅಳತೆಯಿಂದ ಒಂದು ಸ್ಟಾಪ್ ಇಳಿಸಿ. ರಾ ಫೈಲಿನಲ್ಲೇ ತೆಗೆಯಿರಿ.

ಬಟ್ಟೆಯ ಬಿಳುಪನ್ನು ಬಟ್ಟೆಯಲ್ಲೇ ಇಳಿಸಬೇಕು. ಎರಡು ಲೀಟರ್ ಬಿಸಿನೀರಿಗೆ ನಾಲ್ಕು ಚಮಚ ಟೀಪುಡಿ ಹಾಕಿ ಕುದಿಸಿ ಸೋಸಿ, ಹತ್ತಿ ಜಾಮಾವನ್ನು ಹತ್ತು ನಿಮಿಷ ಅದ್ದಿ, ಹಿಂಡದೆ ನೆರಳಲ್ಲಿ ಒಣಗಿಸಿ. ಕಣ್ಣಿಗೆ ಬಿಳಿಯೇ, ಕ್ಯಾಮೆರಾಕ್ಕೆ ಮಾತ್ರ ಹಿತ. ಪಾಲಿಯೆಸ್ಟರ್ ಹಿಡಿಯುವುದಿಲ್ಲ. ಬೆಳಕಿಗೆ ಮೂರಡಿ-ನಾಲ್ಕಡಿ ಸಾಫ್ಟ್‌ಬಾಕ್ಸ್, ಪಕ್ಕದಿಂದ 45 ಡಿಗ್ರಿಯಲ್ಲಿ, ಕಣ್ಣಿಗಿಂತ ಸ್ವಲ್ಪ ಮೇಲೆ, ನಾಲ್ಕಡಿ ದೂರ. ಎದುರು ಪಕ್ಕಕ್ಕೆ ಬಿಳಿ ಥರ್ಮೋಕೋಲ್ ಹಲಗೆ. ಬೆಳಕಿಗೂ ಬಟ್ಟೆಗೂ ನಡುವೆ ಕಪ್ಪು ರಟ್ಟು ಅಡ್ಡ ಹಿಡಿಸಿದರೆ ಎದೆಯ ಮೇಲಿನ ಬೆಳಕು ತಗ್ಗುತ್ತದೆ. ಚಿಕ್ಕ ಫ್ಲ್ಯಾಶ್ ನೇರ ಹೊಡೆದರೆ ಹಣೆಯಲ್ಲಿ ಬಿಳಿ ಚುಕ್ಕೆ ಬೀಳುತ್ತದೆ. ಅದಕ್ಕೆಂದು ಪೌಡರ್ ಹಚ್ಚಿದರೆ ಮುಖ ಬೂದಿ. ಹೊಳಪು ಇರಲಿ, ದೊಡ್ಡದಾಗಿ ಹರಡಲಿ.

ಲ್ಯಾಬುಗಳಲ್ಲೂ ಇದೇ ರೋಗವಿತ್ತು. ಕೊಡಾಕ್ ಕಂಪನಿ ಮುದ್ರಣದ ಬಣ್ಣ ಸರಿಹೊಂದಿಸಲು ಕಳಿಸುತ್ತಿದ್ದ 'ಶರ್ಲಿ ಕಾರ್ಡ್'ಗಳಲ್ಲಿ ದಶಕಗಟ್ಟಲೆ ಇದ್ದದ್ದು ಬಿಳಿ ಹೆಂಗಸು ಮಾತ್ರ. ಅಳತೆಗೋಲೇ ಬಿಳಿಯಾದಾಗ ಉಳಿದವರೆಲ್ಲ ತಪ್ಪಾಗಿಯೇ ಮೂಡಿದರು.

ಪ್ರಶ್ನೆ: ಕಪ್ಪು ಮೈಬಣ್ಣದ ರೂಪದರ್ಶಿ ಸಿಗದಿದ್ದರೆ ನಮ್ಮ ಹುಡುಗರಿಗೇ ಮಸಿ ಬಳಿದು ಗುಂಗುರು ವಿಗ್ ಹಾಕಬಹುದೇ? ಆಫ್ರಿಕಾ ಮೂಲದ ಸಿದ್ದಿ ಜನರನ್ನು ಕರೆಸಬಹುದೇ?
– ಹವ್ಯಾಸಿ ನಾಟಕ ತಂಡ, ಶ್ರೀನಿವಾಸಪುರ

ಉತ್ತರ: ಮಸಿ ಬೇಡವೇ ಬೇಡ. ಮರಳಿ ಪಡೆಯಲು ಹೊರಟ ಗೌರವವನ್ನು ಅಲ್ಲೇ ಕಳೆದಂತೆ. ನಿಮ್ಮ ತಂಡದಲ್ಲೇ ಇರುವ ಕಪ್ಪು ಹುಡುಗನನ್ನು ಇದ್ದ ಹಾಗೆಯೇ ನಿಲ್ಲಿಸಿ. ಮಸಿಗಿಂತ ಅದು ಚೆನ್ನಾಗಿ ಹೊಂದುತ್ತದೆ.

ಸಿದ್ದಿಗಳು ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆಯವರು, ಕನ್ನಡ, ಕೊಂಕಣಿ ಆಡುವವರು, 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಕರೆಸುವುದಾದರೆ ಬಸ್ಸಿನ ಖರ್ಚು, ಊಟ, ದಿನದ ಸಂಭಾವನೆ ಮೊದಲೇ ಮಾತಾಗಲಿ. ಚಿತ್ರ ಎಲ್ಲೆಲ್ಲಿ ಹಾಕುತ್ತೀರಿ ಎಂದು ಕನ್ನಡದಲ್ಲಿ ಬರೆದ ಒಪ್ಪಿಗೆ ಪತ್ರದ ಒಂದು ಪ್ರತಿ ಅವರ ಕೈಯಲ್ಲಿರಲಿ. ಕೂತವರ ಹೆಸರೂ ಚಿತ್ರದ ಕೆಳಗೆ ಬರಲಿ, ಅವರಿಗೆ ಒಪ್ಪಿಗೆ ಇದ್ದರೆ.

ಪ್ರಶ್ನೆ: ಇಂದಿನ ಯುವಕರನ್ನು ಹಳೆಯ ರಾಜರ ಭಂಗಿಯಲ್ಲಿ ನಿಲ್ಲಿಸಿ ಬರೆಯುವುದು ಇತಿಹಾಸವನ್ನು ತಿರುಚಿದಂತಲ್ಲವೇ?
– ಇತಿಹಾಸ ಉಪನ್ಯಾಸಕ, ಚಿಂತಾಮಣಿ

ಉತ್ತರ: ಎಲ್ಲರೂ ಮಾಡುತ್ತಿರುವುದು ಒಂದೇ ಕೆಲಸವಲ್ಲ. 2005ರಲ್ಲಿ ಅಮೆರಿಕದ ಚಿತ್ರಕಾರ ಕೆಹಿಂಡೆ ವೈಲಿ ಹಳೆಯ ಚಿತ್ರದ ನೆಪೋಲಿಯನ್ನನ ಕುದುರೆಯ ಮೇಲೆ ಕೂರಿಸಿದ್ದು ಇಂದಿನ ಉಡುಪಿನ ಯುವಕನನ್ನು. ಅದನ್ನು ಯಾರೂ ನೆಪೋಲಿಯನ್ ಎಂದುಕೊಳ್ಳುವುದಿಲ್ಲ. ಈ ಕುದುರೆ ಯಾರಿಗೆ ಸಿಗುತ್ತಿತ್ತು ಎಂದು ಕೇಳುವ ಚಿತ್ರ ಅದು. ಡಕಾರ್‌ನ ಛಾಯಾಗ್ರಾಹಕ ಒಮರ್ ವಿಕ್ಟರ್ ಡಿಯೊಪ್ 2014ರ ಸರಣಿಯಲ್ಲಿ ಡಗ್ಲಸ್, ಮಲಿಕ್ ಅಂಬರ್ ಮುಂತಾದವರಾಗಿ ತಾವೇ ನಿಂತರು, ಜೊತೆಗೆ ಫುಟ್‌ಬಾಲ್ ಸಾಮಾನು ಇಟ್ಟುಕೊಂಡರು. ಇದು ಇಂದಿನ ಚಿತ್ರ ಎಂದು ಆ ಸಾಮಾನೇ ಹೇಳುತ್ತದೆ.

ಅಮೆರಿಕದ ಚಿತ್ರಕಾರ ಟೈಟಸ್ ಕಾಫರ್ ಅವರದು ನಮಗೆ ಹೆಚ್ಚು ಹಿಡಿಸಿದ ದಾರಿ. ಫ್ರಾನ್ಸ್ ಹಾಲ್ಸ್ ಬರೆದ ಡಚ್ ಕುಟುಂಬವೊಂದರ ಚಿತ್ರವನ್ನು ಅವರು 2017ರಲ್ಲಿ ಮತ್ತೆ ಬರೆದು, ಮನೆಯವರೆಲ್ಲರ ಮೇಲೆ ಬಿಳಿ ಬಣ್ಣ ಎಳೆದರು. ಮೂಲೆಯಲ್ಲಿದ್ದ ಕಪ್ಪು ಹುಡುಗನೊಬ್ಬನೇ ಉಳಿದ. ಆ ಬಿಳಿಗೆ ಅಗಸೆ ಎಣ್ಣೆ ಬೆರೆಸಿದ್ದರು. ಕಾಲ ಕಳೆದಂತೆ ಅದು ಪಾರದರ್ಶಕವಾಗಿ ಕೆಳಗಿನವರು ಮತ್ತೆ ಕಾಣುತ್ತಾರೆ. ಅಳಿಸುವುದಲ್ಲ, ಸ್ವಲ್ಪ ಹೊತ್ತು ಕಣ್ಣನ್ನು ಬೇರೆಡೆ ತಿರುಗಿಸುವುದು. ಅಮೆರಿಕದವರೇ ಆದ ಏಮಿ ಶೆರಾಲ್ಡ್ ಮೈಯನ್ನು ಬೂದು ಛಾಯೆಯಲ್ಲೇ ಬರೆಯುತ್ತಾರೆ, ಬಟ್ಟೆಗೆ ಮಾತ್ರ ಬಣ್ಣ. ಅವರ ಬೂದು ಲೆಕ್ಕ ಹಾಕಿ ಬಂದದ್ದು. ತುಮಕೂರಿನ ವಿದ್ಯಾರ್ಥಿ ಇದನ್ನು ನೆಪ ಮಾಡಿಕೊಳ್ಳಬಾರದು.

ನಿಮ್ಮ ಆಕ್ಷೇಪ ನಿಜವಾಗಿ ತಟ್ಟುವುದು ಇಂಗ್ಲೆಂಡಿನ ಚಾರಿತ್ರಿಕ ತಾಣಗಳನ್ನು ನೋಡಿಕೊಳ್ಳುವ ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ಕೆಲಸಕ್ಕೆ. ಅದು ತನ್ನ ತಾಣಗಳಿಗೆ ಹೊಸ ಭಾವಚಿತ್ರ ಬರೆಸಿತು. ಆಸ್ಬರ್ನ್ ಅರಮನೆಯಲ್ಲಿನ, ವಿಕ್ಟೋರಿಯಾ ರಾಣಿಯ ಧರ್ಮಪುತ್ರಿ ಸಾರಾ ಫೋರ್ಬ್ಸ್ ಬೊನೆಟ್ಟಾ ಚಿತ್ರಕ್ಕೆ 1862ರ ಫೋಟೊ ಆಧಾರವಿತ್ತು. ಆದರೆ ಉತ್ತರ ಆಫ್ರಿಕಾ ಮೂಲದ, 7ನೇ ಶತಮಾನದಲ್ಲಿ ಕ್ಯಾಂಟರ್‌ಬರಿಗೆ ಬಂದ ಮಠಾಧಿಪತಿ ಹೇಡ್ರಿಯನ್ನನ ಮುಖ ಯಾರಿಗೂ ಗೊತ್ತಿಲ್ಲ. ಅಂಥ ಚಿತ್ರ ಬರೆಯಬಾರದೆಂದಲ್ಲ. ನಮ್ಮ ಕೆಂಪೇಗೌಡರ, ಓಬವ್ವನ ಚಿತ್ರಗಳೂ ಕಲ್ಪನೆಯವೇ. ಕಲ್ಪನೆ ಎಂದು ಕೆಳಗೆ ಬರೆದಿರಬೇಕು, ಅಷ್ಟೆ.

ಪ್ರಶ್ನೆ: ಜಯಂತಿ ಫ್ಲೆಕ್ಸ್‌ಗಳಲ್ಲಿ ಮುಖ ಬೆಳ್ಳಗೆ ಮಾಡಿ ಎನ್ನುವವರೇ ಹೆಚ್ಚು. ಈಗ ಕಾಲೇಜಿನವರು ಕರಿಯ ನಾಯಕರ ಚಿತ್ರ ತಂದಿದ್ದಾರೆ. ಹಾಗೇ ಹೊಡೆದರೆ ಮುಖವೆಲ್ಲ ಒಂದೇ ಮುದ್ದೆ.
– ಡಿಟಿಪಿ, ಫ್ಲೆಕ್ಸ್ ಅಂಗಡಿ, ಗೌರಿಬಿದನೂರು

ಉತ್ತರ: ಮುದ್ದೆಯಾಗುವುದು ಮುಖ ಕಪ್ಪಿದ್ದುದರಿಂದಲ್ಲ, ನೆರಳಿನಲ್ಲಿ ಇಂಕು ತುಂಬಿಕೊಳ್ಳುವುದರಿಂದ. ಆಟೋ ಟೋನ್, ಬ್ರೈಟ್‌ನೆಸ್ ಮುಟ್ಟಬೇಡಿ. ಕರ್ವ್ಸ್‌ನಲ್ಲಿ ಕೆಳಗಿನ ತುದಿಯನ್ನು ಅಲ್ಲೇ ಬಿಟ್ಟು ನಡುಭಾಗವನ್ನಷ್ಟೇ ಸ್ವಲ್ಪ ಎತ್ತಿ. ಶುರುವಿಗೆ ಈ ಅಂಕಿ ಇಟ್ಟುಕೊಳ್ಳಿ: ನಡುಬಣ್ಣಕ್ಕೆ ಸಯಾನ್ 35, ಮೆಜೆಂಟಾ 60, ಹಳದಿ 70, ಕಪ್ಪು 30, ನೆರಳಿಗೆ 50, 70, 75, 65, ಬೆಳಕಿಗೆ 20, 45, 55, 5. ಹಳದಿ ಯಾವಾಗಲೂ ಮೆಜೆಂಟಾಗಿಂತ ತುಸು ಮೇಲಿರಲಿ. ಕೆಳಗಿಳಿದರೆ ಮುಖ ಕೆಂಪಾಗುತ್ತದೆ. ಸಯಾನ್ ಏರಿದರೆ ಬೂದಿ. ನಾಲ್ಕಡಿ-ಆರಡಿ ಹೊಡೆಯುವ ಮೊದಲು ಒಂದಡಿ ಚೂರಿನಲ್ಲಿ ಕೆನ್ನೆ-ಕಣ್ಣಿನ ಭಾಗವನ್ನಷ್ಟೇ ಮೂರು ಮಟ್ಟದಲ್ಲಿ ಹೊಡೆದು, ಅಂಗಡಿಯ ಟ್ಯೂಬ್‌ಲೈಟಿನಲ್ಲಲ್ಲ, ಹೊರಗೆ ಬಿಸಿಲಲ್ಲಿ ಹತ್ತಡಿ ದೂರದಿಂದ ನೋಡಿ ಆರಿಸಿ. ಕಡು ನೀಲಿ ಹಿನ್ನೆಲೆ ಬಿಟ್ಟು ಮಾಸಲು ಹಸಿರೋ ಗೋಧಿ ಬಣ್ಣವೋ ಕೊಡಿ. ಮುಖ ತಾನೇ ಬಿಡಿಸಿಕೊಳ್ಳುತ್ತದೆ. ಬೆಳ್ಳಗೆ ಮಾಡಿ ಎಂದು ಬಂದವರಿಗೂ ಎರಡು ಚೂರು ಪಕ್ಕಪಕ್ಕ ತೋರಿಸಿ.

ಪ್ರಶ್ನೆ: ವೈಲಿ, ಡಿಯೊಪ್ ಚಿತ್ರಗಳನ್ನು ನಕಲು ಮಾಡಿ ಮಾರಬಹುದೇ? ಚಿತ್ರದ ಕೆಳಗೆ ಏನು ಬರೆಯಬೇಕು?
– ಓದುಗರು, ಮಧುಗಿರಿ

ಉತ್ತರ: ಮಾರುವಂತಿಲ್ಲ. ನಮ್ಮ ಕಾನೂನಿನಲ್ಲಿ ಕಲಾವಿದ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ, ಇವರಿಬ್ಬರೂ ಬದುಕಿದ್ದಾರೆ. ಹಳೆಯವಕ್ಕೆ ಆ ತೊಡಕಿಲ್ಲ. ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್ ತನ್ನ ಗುಲಾಮ ಹುವಾನ್ ದೆ ಪರೇಹಾನನ್ನು 1650ರಲ್ಲಿ ರೋಮಿನಲ್ಲಿ ಬರೆದ ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಈ ಮ್ಯೂಸಿಯಂ ಹಕ್ಕು ಮುಗಿದ ಕೃತಿಗಳ ದೊಡ್ಡ ಫೈಲುಗಳನ್ನು 2017ರಿಂದ ಯಾರು ಬೇಕಾದರೂ ಬಳಸಲು ಬಿಟ್ಟಿದೆ. ಪರೇಹಾ ಬಿಡುಗಡೆಯ ನಂತರ ತಾನೂ ಚಿತ್ರಕಾರನಾದವನು. ನಿಮ್ಮ ಪಟ್ಟಿಗೆ ಸೇರಿಸಿ.

ಕೆಳಗೆ ನಾಲ್ಕು ಸಾಲು ಸಾಕು: ಹೆಸರು ಮತ್ತು ವರ್ಷ, ಮಾಡಿದ ಕೆಲಸ, ಯಾವ ಚಿತ್ರದ ಆಧಾರ ಅಥವಾ ಕಲ್ಪನೆ ಎಂಬ ಮಾತು, ಬರೆದವರ ಮತ್ತು ಕೂತವರ ಹೆಸರು. ಕೆಲಸ ಮೊದಲು, ಗುಲಾಮಗಿರಿ ಆಮೇಲೆ. 'ನೀಗ್ರೊ ಮಹಿಳೆ' ಎಂಬಂಥ ಹಳೆಯ ಶೀರ್ಷಿಕೆಯನ್ನು ಹಾಗೇ ಎತ್ತಿಕೊಳ್ಳಬೇಡಿ. ಫ್ರಾನ್ಸಿನ ಕಲಾವಿದೆ ಮೇರಿ-ಗಿಯ್ಮಿನ್ ಬೆನ್ವಾ 1800ರಲ್ಲಿ ಬರೆದು ಲೂವ್ರ್‌ನಲ್ಲಿರುವ ಚಿತ್ರಕ್ಕೆ ಅಂಥದೇ ಶೀರ್ಷಿಕೆಯಿತ್ತು. ಕೂತವಳ ಹೆಸರು ಮೇಡ್ಲೆನ್ ಎಂದು ಸಂಶೋಧಕರು ಪತ್ತೆ ಹಚ್ಚಿದ ಮೇಲೆ 2019ರ ಪ್ಯಾರಿಸ್ ಪ್ರದರ್ಶನದಲ್ಲಿ ಅದನ್ನು 'ಮೇಡ್ಲೆನ್ ಭಾವಚಿತ್ರ' ಎಂದೇ ತೂಗುಹಾಕಿದರು. ಅಕ್ಷರ 24 ಪಾಯಿಂಟಿಗಿಂತ ಚಿಕ್ಕದಾಗದಿರಲಿ, ಈ ಬರಹದ ಪಟ್ಟಿ ಮಕ್ಕಳ ಕಣ್ಣಿನ ಎತ್ತರಕ್ಕಿರಲಿ.